ಮುದ್ದೆ ಕೋಲಿನ ಡಾಕ್ಟ್ರಮ್ಮ

ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಮೀನು ಸಾಕುವವರ ಗುಂಪೊಂದಿದೆ. ಅದರಲ್ಲಿ ಯಾರೋ ಪುಣ್ಯಾತ್ಮ ಅವರ ಹಳೆಯ ಫೋಟೋಗೆ ಹೂವಿನ ಚೌಕಟ್ಟು ಹಾಕಿ, ಕೆಳಗೆ 'ಮೃದು ಮಾತಿನ, ತಾಳ್ಮೆಯೇ ಮೂರ್ತಿವೆತ್ತಂತಿದ್ದ ತಾಯಿ' ಎಂದು ಬರೆದಿದ್ದ. ಪಾಂಡವಪುರದ ಬಸ್ ನಿಲ್ದಾಣದ ಎದುರು ಟೀ ಕುಡಿಯುತ್ತಾ ನಿಂತಿದ್ದ ನನಗೆ ನಗು ಉಕ್ಕಿ ಬಂದು ಟೀ ಮೂಗಿಗೇರಿತು. ಆಮೇಲೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಆಡುವ ಒಳ್ಳೆಯದು ಅವರದ್ದೇ ಆಗಿರಬೇಡವೇ? ಇದನ್ನು ಬರೆದವನ ಕೆನ್ನೆಗೇ ಒಮ್ಮೆ ಅವರು ಬಾರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು ನನಗೂ ಬಾರಿಸಿಯಾರು. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಗೆ ಅಂಟಿಕೊಂಡ ಟೈರ್ ಅಂಗಡಿಯ ಮೇಲೆ ಎರಡು ರೂಮಿನ ಲ್ಯಾಬು ಇಟ್ಟುಕೊಂಡಿದ್ದರು. ಕೊಳದಲ್ಲಿ ಸಾಕಿದ ಕಾಟ್ಲಾ, ರೋಹು, ಗೆಂಡೆ ಮೀನುಗಳಿಗೆ ಏನು ಕಾಯಿಲೆ ಎಂದು ನೋಡಿ ಹೇಳುವುದು ಅವರ ಕೆಲಸ. ಮೈಕ್ರೋಸ್ಕೋಪಿಗೆ ಕಣ್ಣಿಡುವುದು ಮತ್ತು ಜೀಪು ಓಡಿಸುವುದು ನನ್ನ ಕೆಲಸ. ಸುತ್ತಲ ತಾಲ್ಲೂಕುಗಳ ಜನರೆಲ್ಲ ಅವರನ್ನು ಮೀನ್ ಡಾಕ್ಟ್ರಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು. ಅವನ್ನೂ ಬರೆಯುವುದಿಲ್ಲ.

ಅವರ ಆಯುಧ ಒಂದು ಮುದ್ದೆ ಕೋಲು. ತಪ್ಪು ತಿಳಿಯಬೇಡಿ, ರಾಗಿ ಹಿಟ್ಟು ತಿರುವುತ್ತೇವಲ್ಲ, ಆ ಕೋಲೇ. ನಾಗಮಂಗಲದ ಕಡೆಯ ತಮ್ಮ ತವರಿನಿಂದ ತಂದು, ಒಂದು ತುದಿ ಕೊಯ್ಸಿ ಗಿಡ್ಡ ಮಾಡಿಸಿಕೊಂಡಿದ್ದರು. ಒಂದು ಕೊಳದ ಆರೋಗ್ಯ ತಿಳಿಯಬೇಕಾದರೆ ಅದರ ಜೀವಂತ ಮೀನೊಂದನ್ನು ಕೊಂದು ಕೊಯ್ದು ನೋಡಬೇಕು. ಸತ್ತು ಹೊತ್ತಾದ ಮೀನಿನ ಕಿವಿರು ತಾನಾಗಿಯೇ ಬಿಳುಚಿ ಕೊಳೆಯುತ್ತದೆ. ಯಾವುದು ಕಾಯಿಲೆ, ಯಾವುದು ಸಾವು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಒದ್ದೆ ಗೋಣಿಯ ಮೇಲೆ ಮೀನು ಮಲಗಿಸಿ, ಎಡಗೈಯಲ್ಲಿ ಅದರ ಕಣ್ಣು ಮುಚ್ಚಿ, ಬಲಗೈಯಿಂದ ನೆತ್ತಿಗೆ ಒಂದೇ ಏಟು. ಬಾಲ ಒಮ್ಮೆ ಅದುರಿ ಸುಮ್ಮನಾಗುತ್ತಿತ್ತು. ಆಮೇಲೆ ಕತ್ತರಿ.

ನಾನು ಸೇರಿದ ಮೊದಲ ದಿನ ಕೋಲು ನನ್ನ ಕೈಗೆ ಕೊಟ್ಟರು. ನನ್ನ ಏಟಿಗೆ ಜೋರಿರಲಿಲ್ಲ. ಮೀನು ಎಗರಿ ನೆಲಕ್ಕೆ ಬಿದ್ದು, ರಕ್ತ ಎರಚುತ್ತಾ ಮೇಜಿನಡಿ ಬಡಿದುಕೊಳ್ಳತೊಡಗಿತು. ಅವರು ಬಗ್ಗಿ, ನನ್ನ ಕೈಯಿಂದ ಕೋಲು ಕಿತ್ತುಕೊಂಡು ಅದನ್ನು ಮುಗಿಸಿದರು. ಎದ್ದು ನಿಂತವರೇ ಅದೇ ಕೋಲಿನಿಂದ ನನ್ನ ಹೆಗಲಿಗೆ ಒಂದು ಬಿಟ್ಟರು.

"ನೋವಾಯ್ತಾ?"

"ಆಯ್ತು ಮೇಡಂ."

"ಅದಕ್ಕೂ ಆಯ್ತು. ಎರಡನೇ ಏಟು ಬಿದ್ರೆ ಅದು ಪರೀಕ್ಷೆ ಅಲ್ಲ, ಹಿಂಸೆ. ಕೈ ನಡುಗೋದಾದ್ರೆ ಹೋಗಿ ಹೂ ಕಟ್ಟು."

ಹೆಗಲಿನ ಮೇಲೆ ಬಾಸುಂಡೆ ಎದ್ದು ಬಹಳ ದಿನ ಇತ್ತು. ಮನೆಯಲ್ಲಿ ಕೇಳಿದರೆ ಮೆಟ್ಟಿಲಿಂದ ಬಿದ್ದೆ ಎಂದೆ. ಮೀನಿನ ಪರವಾಗಿ ಹೊಡೆತ ತಿಂದೆ ಎಂದು ಹೇಳಲು ಯಾವ ಗಂಡಸಿಗೆ ಬಾಯಿ ಬರುತ್ತದೆ?

ಸತ್ತ ಮೀನು ತರುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ನಾಗಮಂಗಲದಿಂದ ಒಬ್ಬ ಬೈಕಿನಲ್ಲಿ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಹಿಂದಿನ ದಿನದ ಮೀನು. ಹೊಟ್ಟೆ ಊದಿ, ಕವರೂ ಊದಿಕೊಂಡಿತ್ತು. "ನೋಡಿ ಹೇಳಿ ಮೇಡಂ" ಎಂದು ಮೇಜಿನ ಮೇಲಿಟ್ಟ. ಅವರು ಕವರ್ ಬಿಚ್ಚಿ, ಮೀನನ್ನು ತೆಗೆದು, ಅವನ ಹೆಲ್ಮೆಟಿನೊಳಗೆ ತುರುಕಿ, "ಹಾಕ್ಕಂಡು ಹೋಗಲಾ" ಎಂದರು. ಅವನು ನಕ್ಕ. ಮರುಗಳಿಗೆಯಲ್ಲಿ ಅವರು ಆ ಹೆಲ್ಮೆಟನ್ನು ಎತ್ತಿ ಅವನ ತಲೆಗೆ ಒತ್ತಿಯೇಬಿಟ್ಟರು. ಮೀನಿನ ರಸ ಕತ್ತಿನಗುಂಟ ಇಳಿಯುತ್ತಿದ್ದರೆ ಆತ ಮೆಟ್ಟಿಲಿಳಿದು ಓಡಿದ. ಮಾರನೆಯ ದಿನ ಡ್ರಮ್ಮಿನಲ್ಲಿ ನೀರು ತುಂಬಿಸಿಕೊಂಡು ಜೀವಂತ ಮೀನು ತಂದ. ಅದಕ್ಕೆ ಹೇನು ಹತ್ತಿತ್ತು. ಔಷಧಿ ಹೇಳಿ, ಕಾಫಿ ಕುಡಿಸಿ ಕಳಿಸಿದರು.

ಇನ್ನೊಬ್ಬ, ವಾಟ್ಸಾಪಿನಲ್ಲಿ ಹೂವಿನ ಚೌಕಟ್ಟು ಹಾಕಿದವನು. ಪಾಂಡವಪುರದಲ್ಲಿ ಮೀನಿನ ಮೇವು, ಔಷಧಿಯ ಅಂಗಡಿ ಇಟ್ಟವನು. ಯಾವ ಕಾಯಿಲೆ ಎಂದರೂ ಒಂದೇ ಹಳದಿ ಪುಡಿ ಕೊಡುತ್ತಿದ್ದ. ಆ ಪುಡಿ ಸುರಿದು ಒಂದು ಕೊಳದ ಮೀನೆಲ್ಲ ಮಗುಚಿ ತೇಲಿದ ದಿನ, ಡಾಕ್ಟ್ರಮ್ಮ ಅವನ ಅಂಗಡಿಗೆ ನುಗ್ಗಿ, ಪುಡಿಯ ಡಬ್ಬಗಳನ್ನು ರಸ್ತೆಗೆ ಎಸೆದರು. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಅವುಗಳ ಮೇಲೆ ಹಾದವು. "ಏಯ್, ಹೆಂಗ್ಸು ಅಂತ ಸುಮ್ನಿವ್ನಿ" ಎಂದು ಅವನು ಬೆರಳು ತೋರಿಸಿದಾಗ ಕೆನ್ನೆಗೆ ಬಿತ್ತು. ಅವನು ತಿರುಗಿ ತಳ್ಳಿದ. ಅವರ ಹಣೆ ಶೆಟರಿಗೆ ಬಡಿದು ರಕ್ತ ಬಂತು. ಆ ರಕ್ತ ಒರೆಸಿಕೊಳ್ಳದೆ ಇನ್ನೊಂದು ಕೆನ್ನೆಗೂ ಕೊಟ್ಟರು. ಪೊಲೀಸರು ಬಂದು ಇಬ್ಬರನ್ನೂ ಕರೆದೊಯ್ದರು. ಠಾಣೆಯ ಬೆಂಚಿನಲ್ಲಿ ಕೂತು ಅವರು ಸಬ್ ಇನ್‌ಸ್ಪೆಕ್ಟರಿಗೇ ಮೀನಿನ ಪಿತ್ತಜನಕಾಂಗದ ಬಗ್ಗೆ ಪಾಠ ಮಾಡಿದರು. ಆತ ಬೇಗ ಬಿಟ್ಟು ಕಳಿಸಿದ.

ಗಂಡ ಒಬ್ಬರಿದ್ದರು, ಬ್ಯಾಂಕಿನಲ್ಲಿ. ಬಹಳ ಮೆಲುಮಾತಿನವರು. ಆ ಮನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ. ಭಾನುವಾರ ಕೆಲವೊಮ್ಮೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಮುದ್ದೆ, ಮೀನು ಸಾರು. ಡಾಕ್ಟ್ರಮ್ಮ ತಟ್ಟೆಯಲ್ಲಿನ ಮೀನಿನ ತಲೆ ಬಿಡಿಸಿ, ಕಿವಿರಿನ ಕಮಾನು ಎತ್ತಿ ಬೆಳಕಿಗೆ ಹಿಡಿದು, "ಇದು ಸುಖವಾಗಿ ಉಸಿರಾಡಿದ ಮೀನು" ಎನ್ನುವರು. ಗಂಡ ನನ್ನ ಕಡೆ ನೋಡಿ, "ನೀವು ಉಣ್ಣಿ, ಅದು ಹಾಗೇ" ಎನ್ನುವರು.

ಕಡೆಯ ವರ್ಷಗಳಲ್ಲಿ ಅವರು ಯಾರು ತಂದುಕೊಟ್ಟ ಮೀನನ್ನೂ ಮುಟ್ಟುತ್ತಿರಲಿಲ್ಲ. ಎಷ್ಟೇ ದೂರದ ಹಳ್ಳಿಯಾದರೂ ಜೀಪು ಹತ್ತಿ ಹೋಗಿ, ಸೀರೆ ಎತ್ತಿ ಕಟ್ಟಿ, ಬಲೆ ಹಿಡಿದು ತಾವೇ ಕೊಳಕ್ಕೆ ಇಳಿಯುತ್ತಿದ್ದರು. ಅಂಚಿನಲ್ಲಿ ಒಂಟಿಯಾಗಿ ನಿಂತದ್ದು, ಗೂಟಕ್ಕೆ ಮೈ ಉಜ್ಜುವುದು, ಹೆಜ್ಜೆಯ ಸದ್ದಿಗೂ ಓಡದೆ ಇರುವುದು, ಅಂಥದ್ದನ್ನೇ ಹುಡುಕಿ ಹಿಡಿಯುತ್ತಿದ್ದರು. ಜನ ಇದು ಅವರ ಇನ್ನೊಂದು ಹುಚ್ಚು ಎಂದುಕೊಂಡರು. ಹುಚ್ಚಲ್ಲ ಅದು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೊಸಹೊಳಲಿನಿಂದಾಚೆ ಒಂದು ಹಳ್ಳಿಯಲ್ಲಿ ಅವರು ಕಲಿತ ಪಾಠ. ಅದಕ್ಕೆ ಬೇರೆಯವನೊಬ್ಬ ಕಣ್ಣು ತೆತ್ತ.

ಅಲ್ಲಿ ಅಣ್ಣ ತಮ್ಮ ಇಬ್ಬರು. ಒಟ್ಟಿಗಿದ್ದಾಗ ಜಮೀನಿನಲ್ಲಿ ಕೊಳ ತೋಡಿಸಿದರು. ತಮ್ಮನೇ ಹೋಗಿ ಮೀನುಮರಿ ತಂದು ಬಿಟ್ಟ. ಆಮೇಲೆ ಮನೆ ಪಾಲಾಯಿತು. ಕೊಳ ಅಣ್ಣನಿಗೆ ಹೋಯಿತು, ಅದಕ್ಕೆ ನೀರು ತುಂಬಿಸುತ್ತಿದ್ದ ಪಕ್ಕದ ಬೋರ್‌ವೆಲ್ಲು ತಮ್ಮನಿಗೆ ಬಂತು. ಪಾಲಿನ ಪಂಚಾಯಿತಿಯಲ್ಲಿ ತಮ್ಮ ಎಲ್ಲರೆದುರು, "ನಾನ್ ಬುಟ್ಟಿರೋ ಮೀನ ನೀನ್ ಹೆಂಗ್ ತಿಂತೀಯೋ ನೋಡ್ತೀನಿ" ಎಂದಿದ್ದನಂತೆ. ಸಿಟ್ಟಿನ ಮಾತು. ಊರು ಅದನ್ನು ಮರೆಯಲಿಲ್ಲ.

ಒಂದು ದಿನ ಆ ಅಣ್ಣ ನಮ್ಮ ಲ್ಯಾಬಿಗೆ ಫೋನ್ ಮಾಡಿದ. ಕೆಲವು ಮೀನು ಮೇವು ಮುಟ್ಟುತ್ತಿಲ್ಲ, ದಡಕ್ಕೆ ಬಂದು ನಿಲ್ಲುತ್ತವೆ ಎಂದ. ಡಾಕ್ಟ್ರಮ್ಮ ಎಂದಿನಂತೆ, "ಜೀವ ಇರೋ ಮೀನು ತತ್ತಾ" ಎಂದರು. ಅವನು ಟೆಂಪೋದಲ್ಲಿ ಡ್ರಮ್ಮು ಹೇರಿಕೊಂಡು ಬಂದ. ಒಳಗೆ ತೋಳುದ್ದದ ಕಾಟ್ಲಾ, ಮೈ ಬೆಳ್ಳಿಯ ಹಾಗೆ ಮಿನುಗುತ್ತಿತ್ತು. ಅದನ್ನು ಹಿಡಿಯಲು ನಾವಿಬ್ಬರೂ ಒದ್ದೆಯಾದೆವು. ಒಂದೇ ಏಟು, ಕತ್ತರಿ. ಕಿವಿರು ದಾಸವಾಳದ ಬಣ್ಣ. ಪಿತ್ತಜನಕಾಂಗದಲ್ಲಿ ಒಂದು ಚುಕ್ಕೆಯಿಲ್ಲ. ಲೋಳೆ ತೆಗೆದು ಗಾಜಿಗೆ ಸವರಿ ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಒಂದು ಹುಳವಿಲ್ಲ.

"ಚಿನ್ನದಂಥ ಮೀನು ಕಣಯ್ಯ" ಎಂದರು ಡಾಕ್ಟ್ರಮ್ಮ. "ಹಿಂಡಿ ಜಾಸ್ತಿ ಸುರೀತಿದ್ದೀಯ, ಕಮ್ಮಿ ಮಾಡು. ಕಾಯಿಲೆ ಗೀಯಿಲೆ ಏನೂ ಇಲ್ಲ, ಹೋಗು."

ಅವನ ಮುಖ ಅರಳಿತು. ಕೊಯ್ದ ಮೀನನ್ನು ಅಲ್ಲೇ ಬಿಟ್ಟು, "ಮನೇಲಿ ಸಾರು ಮಾಡ್ಕಳಿ" ಎಂದು ಕೈಮುಗಿದು ಹೋದ. ಡಾಕ್ಟ್ರಮ್ಮ ಒಯ್ದು ಸಾರು ಮಾಡಿಕೊಂಡು ಉಂಡರು. ಆತ ಊರಿಗೆ ಹೋಗಿ, ನನ್ನ ಮೀನು ಚಿನ್ನ ಎಂದು ಡಾಕ್ಟ್ರಮ್ಮನೇ ಹೇಳಿದರು ಎಂದು ಕಂಡಕಂಡವರಿಗೆಲ್ಲ ಸಾರಿದ.

ಅದಾಗಿ ಕೆಲವು ದಿನಕ್ಕೆ, ಮೋಡ ಕವಿದು ಬಿಸಿಲೇ ಕಾಣದ ಹೊತ್ತಿನಲ್ಲಿ, ಬೆಳಿಗ್ಗೆ ಅವನ ಫೋನು ಬಂತು. ಕಿರುಚುತ್ತಿದ್ದ. "ವಿಸ ಹಾಕ್ಬುಟ್ಟ ಡಾಕ್ಟ್ರಮ್ಮ! ನನ್ ತಮ್ಮ ಕೊಳಕ್ಕೆ ವಿಸ ಹಾಕ್ಬುಟ್ಟ! ಬಂದು ಒಂದ್ ಮಾತ್ ಹೇಳಿ, ಇವ್ನ ಇಲ್ಲೇ ಮುಗಿಸ್ಬುಡ್ತೀನಿ."

ನಾನು ಜೀಪನ್ನು ಅಷ್ಟು ಜೋರಾಗಿ ಹಿಂದೆಂದೂ ಓಡಿಸಿರಲಿಲ್ಲ. ಹೋಗಿ ನೋಡಿದರೆ ಕೊಳದ ಏರಿಯ ಮೇಲೆ ಊರಿಗೆ ಊರೇ ನಿಂತಿದೆ. ನೀರಿನ ಮೇಲೆ ಬಿಳಿ ಹೊಟ್ಟೆಗಳು. ತೆಂಗಿನ ಮರಕ್ಕೆ ತಮ್ಮನನ್ನು ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಅವನ ಎಡಗಣ್ಣು ಇದ್ದ ಜಾಗ ಬಾತು ಒಡೆದು, ರಕ್ತ ಗದ್ದದಿಂದ ಎದೆಗೆ ಇಳಿದು ಹೆಪ್ಪುಗಟ್ಟಿತ್ತು. ಬಾಯಿಂದ ಮಾತು ಬರುತ್ತಿರಲಿಲ್ಲ. ಅಣ್ಣನ ಕೈಯಲ್ಲಿ ಗುದ್ದಲಿಯ ಕಾವು. ತಮ್ಮನ ಹೆಂಡತಿಯನ್ನು ನಾಲ್ಕಾರು ಹೆಂಗಸರು ನೆಲಕ್ಕೆ ಅದುಮಿ ಹಿಡಿದಿದ್ದರು. ಅವಳು ಅವರ ಕೈ ಕಚ್ಚುತ್ತಿದ್ದಳು.

"ಬಿಚ್ಚಲಾ ಅವನ್ನ!" ಎಂದು ಡಾಕ್ಟ್ರಮ್ಮ ಕೂಗಿದರು.

ಜನ ಅಲುಗಲಿಲ್ಲ. ಒಬ್ಬ ಹಿರಿಯ, "ವಿಸ ಅಲ್ಲ ಅಂತ ತೋರ್ಸಿ, ಬಿಚ್ತೀವಿ" ಎಂದ. ನಾನು ಪೊಲೀಸರಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದೆ. ಯಾರೋ ನನ್ನ ಕೈ ತಿರುಚಿ, ಫೋನು ಕಿತ್ತು ಕೊಳಕ್ಕೆ ಎಸೆದರು. ಇನ್ನೊಬ್ಬ ನನ್ನ ಬೆನ್ನಿಗೆ ಗುದ್ದಿದ.

ಅಣ್ಣ ಅಳುತ್ತಲೇ ಕೂಗಿದ: "ನೀವೇ ಹೇಳಿದ್ರಲ್ಲ ಡಾಕ್ಟ್ರಮ್ಮ, ಚಿನ್ನದಂಥ ಮೀನು, ಕಾಯಿಲೆ ಇಲ್ಲ ಅಂತ. ಕಾಯಿಲೆ ಇಲ್ದಿರೋ ಮೀನು ಒಂದೇ ರಾತ್ರೀಲಿ ಹೆಂಗ್ ಸಾಯ್ತವೆ? ನೀವೇ ಹೇಳಿ!"

ಆಗ ನನಗೆ ಅರ್ಥವಾಯಿತು: ಆ ಹಗ್ಗ ಬಿಗಿದದ್ದು ನಮ್ಮ ಲ್ಯಾಬಿನ ಮಾತು. ಡಾಕ್ಟ್ರಮ್ಮನ ಮುಖ ಬಿಳುಚಿತು. ಅವರು ಸೀರೆ ಎತ್ತಿ ಕಟ್ಟಿ ಕೊಳಕ್ಕೆ ಇಳಿದರು. ಎದೆಮಟ್ಟ ನೀರಿನಲ್ಲಿ ಹೋಗಿ ಸತ್ತ ಮೀನುಗಳನ್ನು ದಡಕ್ಕೆ ಎಸೆದರು. ಆಮೇಲೆ, ಹಿಂದೆ ಬೋರ್‌ವೆಲ್ ನೀರು ಬೀಳುತ್ತಿದ್ದ ಮೂಲೆಯಲ್ಲಿ, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದ ಒಂದನ್ನು ಬರಿಗೈಯಲ್ಲೇ ಹಿಡಿದು ತಂದರು. ಅದು ಒದ್ದಾಡಲೂ ಇಲ್ಲ. ಜೀವಂತ ಮೀನುಗಳು ಇನ್ನೂ ಇದ್ದವು. ಸಣ್ಣವೆಲ್ಲ ಆ ಮೂಲೆಯಲ್ಲಿ ಗುಂಪುಗಟ್ಟಿದ್ದವು. ಕಪ್ಪೆಗಳು ಎಂದಿನಂತೆ ಕೊಳದ ಅಂಚಿನಿಂದ ಹಾರುತ್ತಿದ್ದವು.

ಏರಿಯ ಮೇಲೆ ಕೂತು ಒಂದೇ ಏಟಿಗೆ ಆ ಮೀನನ್ನು ಮುಗಿಸಿದರು. ಕಿವಿರಿನ ಮುಚ್ಚಳ ಕತ್ತರಿಸಿ ಎತ್ತಿದರು. ಒಳಗೆ ಕೆಂಪು ಇರಲಿಲ್ಲ. ಬೂದು ಬಣ್ಣ, ಬಿಳಿ ತೇಪೆ, ತುದಿಗಳು ಕೊಳೆತು ಉದುರಿದ್ದವು.

"ವಿಷ ಬಿದ್ದಿದ್ರೆ ಮೊದಲು ಸಣ್ಣ ಮೀನು ಸಾಯ್ತಿದ್ವು, ಕಪ್ಪೆ ಸಾಯ್ತಿತ್ತು. ಅವೆಲ್ಲಾ ಬದುಕವೆ, ಕಣ್ಣು ಬಿಟ್ಟು ನೋಡ್ರಲಾ!" ಎಂದರು. "ಇದು ಕಿವಿರು ಕೊಳೆಯೋ ಕಾಯಿಲೆ. ಬಹಳ ದಿನದಿಂದ ಕೊಳೀತಾ ಬಂದದೆ. ಮೋಡಕ್ಕೆ ನೀರಲ್ಲಿ ಉಸಿರು ಕಮ್ಮಿ ಆಯ್ತು, ಕಿವಿರು ಕೆಟ್ಟಿರೋವು ತಡೀಲಿಲ್ಲ. ಒಂದು ರಾತ್ರೀಲಿ ಯಾವ ವಿಷವೂ ಕಿವಿರನ್ನ ಹಿಂಗೆ ಕೊಳೆಸಕ್ಕಾಗಲ್ಲ."

"ಸುಳ್ಳು!" ಎಂದು ಅಣ್ಣ ಕಾವು ಎತ್ತಿ ತಮ್ಮನ ಕಡೆ ನುಗ್ಗಿದ. ಮುದ್ದೆ ಕೋಲು ಅವನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕಾವು ಕೆಳಗೆ ಬಿತ್ತು. ಡಾಕ್ಟ್ರಮ್ಮ ಅವನ ಜುಟ್ಟು ಹಿಡಿದು ತಲೆಯನ್ನು ಆ ಕೊಯ್ದ ಮೀನಿನ ಮೇಲೆ ಬಗ್ಗಿಸಿದರು.

"ಮೂಸು! ಇದು ಒಂದು ರಾತ್ರಿ ವಾಸನೆಯಾ? ಆವತ್ತು ನೀನು ತಂದ ಮೀನು ಈ ಕೊಳದ್ದೇನಾ?"

"ಇದ್ರದ್ದೇ, ದೇವರಾಣೆ ಇದ್ರದ್ದೇ."

"ದಡಕ್ಕೆ ಬಂದು ನಿಲ್ತಿದ್ದ ಮೀನಾ ಅದು?"

ಅವನು ಮುರಿದ ಕೈಯನ್ನು ಎದೆಗೊತ್ತಿಕೊಂಡು, ಕೇಳಬಾರದ್ದನ್ನು ಕೇಳಿದರೇನೋ ಎಂಬಂತೆ ಅವರ ಮುಖ ನೋಡಿದ. "ಅಲ್ಲ ಡಾಕ್ಟ್ರಮ್ಮ, ಸೊರಗಿರೋ ಮೀನ ತಂದು ನಿಮ್ ಕೈಗಿಡಕ್ಕಾಯ್ತದಾ? ಬಲೆ ಎಳ್ದು, ಬಂದಿದ್ರೊಳ್ಗೆ ಒಳ್ಳೇದ್ನೇ ಆರ್ಸಿ ತಂದಿದ್ದೆ. ನಿಮ್ಮಂತೋರಿಗೆ ಕೊಡದು ಅಂದ್ಮೇಲೆ ನಮ್ಗೂ ಒಂದ್ ಮರ್ವಾದೆ ಬ್ಯಾಡ್ವಾ?"

ಏರಿಯ ಮೇಲೆ ನಿಂತವರು ಹೌದೆಂದು ತಲೆಯಾಡಿಸಿದರು. ಅವನು ಹೇಳಿದ್ದರಲ್ಲಿ ಆ ಊರಿನ ಯಾರಿಗೂ ತಪ್ಪು ಕಂಡಿರಲಾರದು. ಬಾಳೆಗೊನೆಯಾಗಲಿ ಮೀನಾಗಲಿ, ಮರ್ಯಾದಸ್ಥರಿಗೆ ಕೊಡುವಾಗ ಒಳ್ಳೆಯದನ್ನೇ ಆರಿಸಿ ಕೊಡುತ್ತಾರೆ. ನಾವು ಇಷ್ಟು ವರ್ಷ ನೋಡಿದ ಎಷ್ಟೋ ಮೀನು ಹಾಗೆ ಆರಿಸಿ ತಂದವೇ ಇರಬೇಕು. ಹಿಡಿದು ತಂದದ್ದು ಹೇಗೆ, ಯಾವುದನ್ನು ಎಂದು ಡಾಕ್ಟ್ರಮ್ಮ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಡಾಕ್ಟ್ರಮ್ಮ ಅವನ ಜುಟ್ಟು ಬಿಟ್ಟರು. ಮೀನಿನ ಕತ್ತರಿಯಿಂದಲೇ ತಮ್ಮನ ಹಗ್ಗ ಕತ್ತರಿಸಿದರು. ಅವನು ಕುಸಿದಾಗ ನಾನು ಹಿಡಿದುಕೊಂಡೆ. ಅಷ್ಟರಲ್ಲಿ ಹೆಂಡತಿ ಬಿಡಿಸಿಕೊಂಡು ಬಂದವಳು ಗಂಡನ ಹತ್ತಿರ ಹೋಗಲಿಲ್ಲ. ನೇರ ಡಾಕ್ಟ್ರಮ್ಮನ ಎದುರು ನಿಂತು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೆನ್ನೆಗೆ ಹೊಡೆದಳು. ಕನ್ನಡಕ ಹಾರಿ ಕೆಸರಿಗೆ ಬಿತ್ತು.

"ಚಿನ್ನ ಅಂದ್ಯಲ್ಲ! ಒಂದ್ ಸತಿ ಬಂದು ಕೊಳ ನೋಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು? ಇವ್ನ್ ಕಣ್ ತಂದ್ಕೊಡು!"

ನಾನು ಮುಂದೆ ಹೋಗುವಷ್ಟರಲ್ಲಿ ಡಾಕ್ಟ್ರಮ್ಮ ಕೈ ಅಡ್ಡ ಹಿಡಿದರು. ಜೀವನದಲ್ಲಿ ಯಾರ ಏಟನ್ನೂ ವಾಪಸು ಕೊಡದೆ ಉಳಿಸಿಕೊಂಡವರಲ್ಲ ಅವರು. ಆ ದಿನ ಕೈ ಎತ್ತಲಿಲ್ಲ. "ಇನ್ನೊಂದು ಹೊಡಿ" ಎಂದರು. ಅವಳು ಇನ್ನೊಂದು ಹೊಡೆದಳು. ತುಟಿ ಸೀಳಿ ರಕ್ತ ಬಂತು. "ಸರಿ. ಈಗ ಇವನ ಕಾಲು ಹಿಡ್ಕೊ, ಜೀಪಿಗೆ ಹಾಕಣ" ಎಂದರು. ಅಣ್ಣ ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತೇ ಇದ್ದ.

ಕೆ.ಆರ್. ಪೇಟೆ ಆಸ್ಪತ್ರೆಯ ದಾರಿ. ಹಿಂದಿನ ಸೀಟಿನಲ್ಲಿ ಗಂಡನ ತಲೆ ಹೆಂಡತಿಯ ತೊಡೆಯ ಮೇಲಿತ್ತು. ಅವಳ ಸೆರಗೆಲ್ಲ ಕೆಂಪಾಗಿತ್ತು. ಡಾಕ್ಟ್ರಮ್ಮ ನನ್ನ ಪಕ್ಕ ಕೂತಿದ್ದರು. ಒದ್ದೆ ಸೀರೆಯಿಂದ ಕೊಳದ ನೀರು ತೊಟ್ಟಿಕ್ಕುತ್ತಿತ್ತು, ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಅವರು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ, ಮತ್ತು ಬಹಳ ಕೆಟ್ಟದಾಗಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಹೊಸಹೊಳಲು ದಾಟುವಾಗ ಹಿಂದಿನಿಂದ ತಮ್ಮನ ಗೊಗ್ಗರು ದನಿ ಬಂತು.

"ಡಾಕ್ಟ್ರಮ್ಮ... ಮೀನು ಉಳ್ದವಾ?"

ಅವರು ಸರ್ರನೆ ತಿರುಗಿದರು. "ಉಳ್ದವೆ ಕಣಪ್ಪ. ಅರ್ಧ ಉಳ್ದವೆ. ನೀನು ಮಾತಾಡಬೇಡ."

"ಏನ್ ಮಾಡಿದ್ರೆ ಬದುಕ್ತವೆ?"

"ಹೊಸ ನೀರು ಬೀಳಬೇಕು. ಈಗಿಂದೀಗಲೇ."

ಅವನು ಉಸಿರೆಳೆದುಕೊಂಡ. "ನಮ್ ಬೋರ್‌ವೆಲ್ ಮನೆ ಕೀಲಿಕೈ ಸೂರ್ನಾಗದೆ. ನಮ್ಮಣ್ಣಂಗೆ ಹೇಳಿ. ಮೋಟ್ರು ಹಾಕ್ಲಿ."

"ಥೂ, ನಿನ್ ಜನ್ಮಕ್ಕೆ!" ಎಂದು ಹೆಂಡತಿ ಚೀರಿದಳು. "ಕಣ್ ಕಿತ್ತೋನಿಗೆ ನೀರ್ ಬುಡ್ತೀಯಾ?"

"ಅವ್ನಿಗಲ್ಲ ಕಣಮ್ಮಿ. ಮರಿ ಬುಟ್ಟೋನು ನಾನು."

ಡಾಕ್ಟ್ರಮ್ಮ ಜೀಪಿನಲ್ಲೇ ಬಿಟ್ಟಿದ್ದ ತಮ್ಮ ಫೋನಿನಿಂದ ಅಣ್ಣನಿಗೆ ಮಾಡಿದರು. ಅವನು ಎತ್ತಿದ. "ನಿನ್ನ ತಮ್ಮ ಹೇಳ್ತಾವ್ನೆ, ಅವನ ಮೋಟ್ರು ಹಾಕಿ ನೀರು ಬಿಟ್ಕೋಬೇಕಂತೆ. ಕೀಲಿಕೈ ಸೂರಲ್ಲಿದೆ" ಎಂದರು. ಆ ಕಡೆಯಿಂದ ಗಂಡಸೊಬ್ಬ ಬಾಯಿ ಬಡಿದುಕೊಂಡು ಅಳುವ ಸದ್ದು ಜೀಪಿನ ತುಂಬ ತುಂಬಿತು. ಡಾಕ್ಟ್ರಮ್ಮ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿದು ಕೂತರು.

ಹೆಂಡತಿ ಮುಂದೆ ಬಾಗಿ ಅವರ ಕೈಯಿಂದ ಫೋನು ಕಿತ್ತುಕೊಂಡಳು.

"ಅಳದು ಆಮೇಲೆ ಅಳೀರಂತೆ ಬಾವ" ಎಂದಳು. "ಮೊದ್ಲು ಹೋಗಿ ಮೋಟ್ರು ಹಾಕಿ."